ಇಳಿತದ ಪಾಳಿ

ಹತ್ತು ವರ್ಷಕ್ಕೊಮ್ಮೆ ವ್ಯಾಪಾರಕ್ಕೆ ಯಾಕೆ ಗ್ರಹಣ ಹಿಡಿಯುತ್ತದೆ ಎಂಬ ಪ್ರಶ್ನೆಗೆ 1870ರ ದಶಕದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಉತ್ತರ ಕಂಡುಹಿಡಿದರು. ತಪ್ಪು ಸೂರ್ಯನದು. ಸೂರ್ಯನ ಮೈಮೇಲಿನ ಕಲೆಗಳಿಗೂ ಮಳೆಗೂ ನಂಟು, ಮಳೆಗೂ ಹಿಂದೂಸ್ತಾನದ ಬೆಳೆಗೂ ನಂಟು. ಬೆಳೆ ಕೈಕೊಟ್ಟರೆ ಹಿಂದೂಸ್ತಾನದ ರೈತ ಬಟ್ಟೆ ಕೊಳ್ಳುವುದಿಲ್ಲ, ಅವನು ಕೊಳ್ಳದಿದ್ದರೆ ಮ್ಯಾಂಚೆಸ್ಟರಿನ ಮಿಲ್ಲು ಓಡುವುದಿಲ್ಲ. ಜೆವನ್ಸ್ ಸಾಹೇಬರು ಹತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದೂ ಮ್ಯಾಂಚೆಸ್ಟರಿನಲ್ಲೇ. ಅಲ್ಲಿನ ಮಾಲೀಕರಿಗೆ ಇದನ್ನು ಓದಿ ಎಷ್ಟು ನಿರಾಳವಾಗಿರಬೇಕು ನೋಡಿ: ಕೂಲಿಯವನನ್ನು ಮನೆಗೆ ಕಳಿಸಿದ್ದು ತಾವಲ್ಲ, ಒಂಬತ್ತು ಕೋಟಿ ಮೈಲಿ ಆಚೆ ಕೂತಿರುವ ಸೂರ್ಯನಾರಾಯಣ.

ದಾವಣಗೆರೆಗೂ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿತ್ತು. ಆದರೆ ನಮ್ಮಲ್ಲಿ ಅಂಥ ಪಂಡಿತರು ಹುಟ್ಟಲಿಲ್ಲ. ಹಾಗಾಗಿ ನಾವು ಸೂರ್ಯನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಬೈದು ಮುಗಿಸಿದೆವು. ಮಾಲೀಕರನ್ನು ಬೈದೆವು, ಕೆಂಬಾವುಟದವರನ್ನು ಬೈದೆವು, ಪವರ್‌ಲೂಮನ್ನು, ಪಾಲಿಯೆಸ್ಟರನ್ನು, ದಿಲ್ಲಿಯನ್ನು ಬೈದೆವು. ಏಪ್ರಿಲ್ ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ಸೂರ್ಯನನ್ನೂ ಬೈಯುವುದುಂಟು, ಅದರ ಕಾರಣ ಬೇರೆ.

ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಆರ್ಥಿಕ ಏರಿಳಿತದ ಚಿತ್ರ ಬಹಳ ಚೆನ್ನಾಗಿರುತ್ತದೆ. ಗೆರೆ ಏರುತ್ತದೆ, ಶಿಖರ ಮುಟ್ಟುತ್ತದೆ, ಜಾರುತ್ತದೆ, ತಳ ಕಾಣುತ್ತದೆ, ಮತ್ತೆ ಏರುತ್ತದೆ. ಈ ಆಟಕ್ಕೆ ಎಷ್ಟು ಕಾಲ ಬೇಕು ಎಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಜಗಳ. ಫ್ರಾನ್ಸಿನ ಕ್ಲೆಮೆಂಟ್ ಜುಗ್ಲಾರ್ 1862ರಲ್ಲಿ ಏಳರಿಂದ ಹನ್ನೊಂದು ವರ್ಷ ಅಂದರು. ಜೋಸೆಫ್ ಕಿಚಿನ್ 1923ರಲ್ಲಿ ಅಷ್ಟೆಲ್ಲ ಬೇಡ, ಸರಕು ಗೋದಾಮಿನಲ್ಲಿ ತುಂಬಿ ಖಾಲಿಯಾಗುವುದಕ್ಕೆ ನಲವತ್ತು ತಿಂಗಳು ಸಾಕು ಅಂದರು. ರಷ್ಯಾದ ಕೊಂಡ್ರಾಟೀವ್ ಅವರದು ದೊಡ್ಡ ಕೈ, ಐವತ್ತು ವರ್ಷದ ಅಲೆ. ಇಳಿದದ್ದು ಏರಲೇಬೇಕು ಎಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತ.

ದಾವಣಗೆರೆಯ ಕಾಟನ್ ಮಿಲ್, ಶಂಕರ್ ಟೆಕ್ಸ್‌ಟೈಲ್ಸ್, ಚಂದ್ರೋದಯ, ಆಂಜನೇಯ, ತೋಳಹುಣಸೆಯ ಯಲ್ಲಮ್ಮ ಇವ್ಯಾವೂ ಈ ಪುಸ್ತಕ ಓದಿರಲಿಲ್ಲ. ಪಾಳಿಯ ಸೈರನ್ ಕೇಳಿ ಊರಿನ ಹೆಂಗಸರು ಒಲೆ ಹಚ್ಚುತ್ತಿದ್ದ ಕಾಲ ಅದು. ಮಿಲ್ ಕಾರ್ಮಿಕರ ನಾಯಕ ಪಂಪಾಪತಿ ಅವರನ್ನು ಕಮ್ಯುನಿಸ್ಟ್ ಪಕ್ಷದ ಟಿಕೆಟ್ಟಿನ ಮೇಲೆ ಊರು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿತ್ತು ಅಂದರೆ ಕೂಲಿಗೆ ಎಷ್ಟು ಕಸುವಿತ್ತು ಲೆಕ್ಕ ಹಾಕಿ. 1980–90ರ ದಶಕಗಳಲ್ಲಿ ಗೆರೆ ಇಳಿಯತೊಡಗಿತು. ಮಗ್ಗ ಹಳೆಯದಾಯಿತು, ಬ್ಯಾಂಕು ಮುಖ ತಿರುಗಿಸಿತು. ಒಂದು ಮಿಲ್ಲಿನ ಬಾಗಿಲಿಗೆ ಬಿದ್ದ ಬೀಗವನ್ನು ನೋಡಿ ಇನ್ನೊಂದು ಮಿಲ್ಲು ಬೀಗ ಖರೀದಿಗೆ ಹೋಯಿತು. ಇಳಿದದ್ದು ತಳ ಮುಟ್ಟಿತು. ಊರು ಏರಿಕೆಗೆ ಕಾಯಿತು. ಏರಿಕೆ ಬಂದೇ ಬಂತು, ಸೈಟಿನ ದರಕ್ಕೆ. ಕಾಟನ್ ಮಿಲ್ಲಿನ ಹೆಸರು ಈಗ ಡಿಸಿಎಂ ಟೌನ್‌ಶಿಪ್ ಎಂಬ ಬಡಾವಣೆಯಲ್ಲಿ ಸುಖವಾಗಿದೆ. ಮಿಲ್ಲಿನಲ್ಲಿ ಪಾಳಿ ಮಾಡಿದವರ ಮಗ ಅಲ್ಲಿ ಸೈಟು ತೋರಿಸುವ ಏಜೆಂಟನಾಗಿದ್ದರೆ ಅದನ್ನೂ ಚೇತರಿಕೆ ಅಂತಲೇ ಬರೆದುಕೊಳ್ಳಬೇಕು.

ಹದಿಮೂರು ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದ ಕತೆ ಇನ್ನೂ ಸೂಕ್ಷ್ಮ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಲೇತು, ಅಂದರೆ ಯಂತ್ರಗಳನ್ನು ಹೆರುವ ಯಂತ್ರ. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಯಂತ್ರಾಪುರ ಅಂತಲೇ ಹೆಸರು. ಹೊಳೆ ದಂಡೆಯಲ್ಲಿ 1224ರಲ್ಲಿ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಅರ್ಧ ಹರಿ ಅರ್ಧ ಹರ, ಇತ್ತ ಯಂತ್ರಾಪುರದಲ್ಲಿ ಪೂರ್ತಿ ಕಬ್ಬಿಣ. ‘ಹುಡುಗ ಕಿರ್ಲೋಸ್ಕರ್‌ನಾಗೆ ಅದಾನೆ’ ಅಂದರೆ ಹೆಣ್ಣಿನ ಕಡೆಯವರು ಜಾತಕ ಪಕ್ಕಕ್ಕಿಟ್ಟು ಎಲೆಯಡಿಕೆ ತೆಗೆಯುತ್ತಿದ್ದರು. ಐಟಿಐ ಮುಗಿಸಿ ಒಳಹೊಕ್ಕವನು ನಿವೃತ್ತಿಯ ಹಾರ ಹಾಕಿಸಿಕೊಂಡೇ ಹೊರಬೀಳಬೇಕು, ರೂಢಿ ಹಾಗಿತ್ತು.

ಆದರೆ ಲೇತಿನ ವ್ಯಾಪಾರಕ್ಕೊಂದು ಶಾಪವಿದೆ. ನೂರು ಲೇತಿರುವ ಕಾರ್ಖಾನೆಗೆ ಈ ವರ್ಷ ಹತ್ತು ಪರ್ಸೆಂಟ್ ಹೆಚ್ಚು ಗಿರಾಕಿ ಬಂದರೆ ಅದು ಹತ್ತು ಹೊಸ ಲೇತು ಕೊಳ್ಳುತ್ತದೆ. ಮುಂದಿನ ವರ್ಷ ಗಿರಾಕಿ ಅಷ್ಟೇ ಉಳಿದರೆ? ಕಾರ್ಖಾನೆಯವನಿಗೆ ನಷ್ಟವೇನಿಲ್ಲ, ಅವನು ಹಾಯಾಗಿರುತ್ತಾನೆ, ಹೊಸ ಲೇತು ಮಾತ್ರ ಒಂದೂ ಬೇಡ. ಪೇಟೆ ನಿಂತಲ್ಲೇ ನಿಂತರೂ ಲೇತು ಮಾಡುವವನಿಗೆ ಆರ್ಡರ್ ಹತ್ತರಿಂದ ಸೊನ್ನೆ. ಪುಣೆಯಲ್ಲೋ ಕೊಯಮತ್ತೂರಿನಲ್ಲೋ ಯಾರಿಗೋ ಸಣ್ಣ ಶೀತವಾದರೆ ಹರಿಹರಕ್ಕೆ ನ್ಯುಮೋನಿಯಾ. ಇದನ್ನು ಅಮೆರಿಕದ ಜೆ.ಎಂ. ಕ್ಲಾರ್ಕ್ 1917ರಲ್ಲೇ ಬರೆದಿಟ್ಟಿದ್ದರು. ಅಂದರೆ ಯಂತ್ರಾಪುರ ಹುಟ್ಟುವುದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲೇ ಅದರ ಕಾಯಿಲೆಯ ಚೀಟಿ ತಯಾರಿತ್ತು. 1991ರ ನಂತರ ಆಮದಿಗೆ ಬಾಗಿಲು ತೆರೆಯಿತು, ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರಗಳು ಬಂದವು, ಸಾಲ ಬೆಳೆಯಿತು. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ಕಾರ್ಖಾನೆ ಕಣ್ಣು ಮುಚ್ಚಿತು. ಹರಿಹರದ ಹಳೆಯ ಲೇತುಗಳು ಊರೂರ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಮಾಡಿದ ಕೈಗಳ ಕೆಲಸ ಹೋಯಿತು, ಮಾಡಿದ ಸರಕಿನದು ಹೋಗಲಿಲ್ಲ. ಇಷ್ಟು ಗಟ್ಟಿಯಾಗಿ ಕೆಲಸ ಮಾಡಬಾರದು ಎಂಬ ನೀತಿ ಇದರಲ್ಲಿ ಏನಾದರೂ ಇದೆಯೋ, ನನಗೆ ತಿಳಿಯದು.

ಇಷ್ಟಾದರೂ ದಾವಣಗೆರೆ ಕೈಕಟ್ಟಿ ಕೂರಲಿಲ್ಲ. ನೂಲು ಹೋದರೇನು, ಬೇರೆ ಸರಕು ಇದ್ದೇ ಇತ್ತು. 1951ರ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಿಐಇಟಿ, ಆಮೇಲೆ ಲೆಕ್ಕ ಹಿಡಿಯಲಾಗದಷ್ಟು ಪಿಯು, ಡಿಗ್ರಿ, ಬಿ.ಎಡ್., ನರ್ಸಿಂಗ್. 2009ರಲ್ಲಿ ವಿಶ್ವವಿದ್ಯಾನಿಲಯವೂ ಬಂತು. ಅದರ ಶಿವಗಂಗೋತ್ರಿ ಆವರಣ ಇರುವುದು ಯಾವ ಊರಲ್ಲಿ ಗೊತ್ತೇ? ಯಲ್ಲಮ್ಮ ಮಿಲ್ಲಿದ್ದ ತೋಳಹುಣಸೆಯಲ್ಲೇ. ಹತ್ತಿ ಬರುತ್ತಿದ್ದ ದಾರಿಯಲ್ಲಿ ಈಗ ಹುಡುಗರು ಬರುತ್ತಾರೆ, ನೂಲು ಹೋಗುತ್ತಿದ್ದ ದಾರಿಯಲ್ಲಿ ಅಂಕಪಟ್ಟಿ ಹೋಗುತ್ತದೆ.

ಈ ಹೊಸ ಮಿಲ್ಲಿನ ಹೆಚ್ಚುಗಾರಿಕೆ ಏನೆಂದರೆ ಇದಕ್ಕೆ ಹಿಂಜರಿತವಿಲ್ಲ. ಪೇಟೆಯಲ್ಲಿ ಗಿರಾಕಿ ಇರಲಿ ಬಿಡಲಿ, ಪ್ರತಿ ಜೂನಿನಲ್ಲಿ ಸರಕು ಒಳಗೆ, ಪ್ರತಿ ಮೇ ತಿಂಗಳಲ್ಲಿ ಸರಕು ಹೊರಗೆ. ಕಚ್ಚಾವಸ್ತುವಿನ ದುಡ್ಡನ್ನು ಭದ್ರಾ ನಾಲೆಯ ಭತ್ತ ಕೊಡುತ್ತದೆ, ಅಡಿಕೆ ಕೊಡುತ್ತದೆ, ಜಗಳೂರಿನ ಕಡೆಯವರಾದರೆ ಮಾರಿದ ಎರಡೆಕರೆ ಕೊಡುತ್ತದೆ. ಬಟ್ಟೆಯ ಮಿಲ್ಲಿನಲ್ಲಿ ಥಾನು ಮಾರಾಟವಾಗದೆ ಉಳಿದರೆ ಮಾಲೀಕನಿಗೆ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಸರಕು ಉಳಿದರೆ ಅದನ್ನು ಅಪ್ಪ ಅಮ್ಮನೇ ಬಂದು ಮನೆಗೆ ಕರೆದುಕೊಂಡು ಹೋಗುತ್ತಾರೆ, ಗೋದಾಮಿನ ಬಾಡಿಗೆ ಕೂಡ ಉಳಿತಾಯ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 2024ರಲ್ಲಿ ಭಾರತದ ಉದ್ಯೋಗದ ಬಗ್ಗೆ ವರದಿ ತಂದರು. 2022ರ ಲೆಕ್ಕದಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4, ಪದವೀಧರರಲ್ಲಿ ಶೇ. 29.1. ಅಕ್ಷರ ಕಲಿಯದಿದ್ದವನಿಗೆ ಕೆಲಸ ಸಿಕ್ಕಿದೆ ಅಂತ ಇದರ ಅರ್ಥವಲ್ಲ, ಅವನಿಗೆ ಸುಮ್ಮನೆ ಕೂತು ಉಣ್ಣುವ ಅನುಕೂಲ ಇಲ್ಲ, ಅಷ್ಟೆ. ಆ ಅನುಕೂಲವನ್ನು ಮಗನಿಗೆ ಒದಗಿಸಲಿಕ್ಕೆಂದೇ ಅಪ್ಪ ಎರಡೆಕರೆ ಮಾರಿದ್ದು.

ಅಂಕಿ ಅಂಶದ ಮಾತು ಬಂತಲ್ಲ, ದಿಲ್ಲಿಯ ಕಾರ್ಮಿಕ ಸಮೀಕ್ಷೆಯ ಲೆಕ್ಕವನ್ನೂ ನೋಡಿಬಿಡೋಣ. 15ರಿಂದ 29 ವಯಸ್ಸಿನವರ ನಿರುದ್ಯೋಗ 2017–18ರಲ್ಲಿ ಶೇ. 17.8 ಇತ್ತು. 2023–24ರ ಹೊತ್ತಿಗೆ ಶೇ. 10.2ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ದುಡಿಯುವವರ ಪೈಕಿ ಸ್ವಯಂ ಉದ್ಯೋಗಿಗಳ ಪಾಲು ಶೇ. 52.2ರಿಂದ ಶೇ. 58.4ಕ್ಕೆ ಏರಿತು. ಸ್ವಯಂ ಉದ್ಯೋಗಿ ಅಂದರೆ ಫ್ಯಾಕ್ಟರಿ ಇಟ್ಟವನೂ ಹೌದು, ತಳ್ಳುಗಾಡಿ ಇಟ್ಟವನೂ ಹೌದು, ತಳ್ಳುಗಾಡಿ ಇಟ್ಟ ಅಪ್ಪನಿಗೆ ಸಂಬಳವಿಲ್ಲದೆ ಕೈನೆರವಾದ ಮಗನೂ ಹೌದು. ಇದೇ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಇನ್ನೊಂದು ಔದಾರ್ಯವಿದೆ. ಏಳು ದಿನದಲ್ಲಿ ಯಾವುದೋ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು, ಆತ ಉದ್ಯೋಗಸ್ಥ. ಸಮೀಕ್ಷೆಯವರು ರಾಮ್ ಅಂಡ್ ಕೋ ಸರ್ಕಲ್ಲಿನ ಹತ್ತಿರದ ಒಂದು ಮನೆಗೆ ಬಂದರು ಅಂತಿಟ್ಟುಕೊಳ್ಳಿ.

“ಏನ್ ಕೆಲಸ ಮಾಡ್ತೀಯಪ್ಪಾ?”

“ಎಂ.ಕಾಂ. ಮುಗಿಸೀನಿ ಸರ್. ಕೆಲಸ ಇಲ್ಲ.”

“ಹೋದ ವಾರ ಏನೂ ಮಾಡ್ಲೇ ಇಲ್ವಾ?”

“ಶುಕ್ರವಾರ ಅಪ್ಪ ಅಕ್ಕಿ ತರಾಕೆ ಹೋಗಿದ್ರು. ಒಂದು ತಾಸು ಅಂಗಡ್ಯಾಗೆ ಕುಂತು ಮಂಡಕ್ಕಿ ಮಿರ್ಚಿ ಕಟ್ಟಿ ಕೊಟ್ಟೆ.”

“ರೊಕ್ಕ ಕೊಟ್ರಾ?”

“ಯಾರು, ನಮ್ಮಪ್ಪನಾ? ಎರಡು ಮಿರ್ಚಿ ಸುಟ್ಟಿದ್ದಕ್ಕೆ ಬೈದ್ರು.”

“ಆತು ಬಿಡಪ್ಪಾ, ನೀನು ಉದ್ಯೋಗಸ್ಥ.”

2018ರ ಜನವರಿಯಲ್ಲಿ ಪ್ರಧಾನಿಯವರು ಪಕೋಡ ಮಾರಿ ದಿನಕ್ಕೆ ಇನ್ನೂರು ರೂಪಾಯಿ ಮನೆಗೆ ಒಯ್ಯುವುದೂ ಉದ್ಯೋಗವೇ ಅಂದಾಗ ದೇಶವೆಲ್ಲ ನಕ್ಕಿತು. ದಾವಣಗೆರೆ ನಗಲಿಲ್ಲ. ಮಿರ್ಚಿ ಕರಿಯುವುದು ಎಂಥ ಕಷ್ಟದ ಉದ್ಯೋಗ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಎಂ.ಕಾಂ. ಇಲ್ಲದವರು ಎಷ್ಟೋ ಚೆನ್ನಾಗಿ ಮಾಡುತ್ತಾರೆ ಎಂಬುದೂ ಗೊತ್ತು.

ಏರಿಳಿತ ಎಂಬುದು ಹತ್ತು ವರ್ಷದ ಆಟ ಅಂತ ನಂಬಿದವರಿಗೆ 2025ರ ಫೆಬ್ರವರಿಯ ಒಂದು ವಾರವನ್ನು ತೋರಿಸಬೇಕು. 7ನೇ ತಾರೀಕು, ಶುಕ್ರವಾರ. ಬೆಳಿಗ್ಗೆ ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು 6.5ರಿಂದ 6.25ಕ್ಕೆ ಇಳಿಸಿತು. ಸುಮಾರು ಐದು ವರ್ಷದಲ್ಲಿ ಮೊದಲ ಸಲ. ಸಾಲ ಅಗ್ಗವಾಗುತ್ತದೆ, ಬಂಡವಾಳ ಹರಿಯುತ್ತದೆ, ಕೆಲಸ ಹುಟ್ಟುತ್ತದೆ ಎಂಬುದು ಶಾಸ್ತ್ರ. ಅದೇ ದಿನ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿ ಹುಡುಗ ಹುಡುಗಿಯರನ್ನು ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಮನೆಗೆ ಕಳಿಸಲಾಯಿತು. ಅವರಲ್ಲಿ ಹಲವರು 2022ರಲ್ಲಿ ಆಫರ್ ಪತ್ರ ಹಿಡಿದು, ಊರಲ್ಲಿ ಸಿಹಿ ಹಂಚಿ, ಎರಡು ವರ್ಷಕ್ಕೂ ಮಿಕ್ಕಿ ಕಾದು ಒಳಹೋದವರು. ಕಾಯಿಸಿದ್ದಕ್ಕಿಂತ ಬೇಗ ಕಳಿಸಿದರು. ನಾಲ್ಕು ದಿನ ಬಿಟ್ಟು 11ರಿಂದ 14ರವರೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಂಡವಾಳ ಹೂಡಿಕೆದಾರರ ಸಮಾವೇಶ. 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಮಾತುಗಳು, ಆರು ಲಕ್ಷ ಉದ್ಯೋಗದ ಭರವಸೆ. ಇಳಿತ, ತಳ, ಚೇತರಿಕೆ, ಶಿಖರ ಎಲ್ಲವೂ ಒಂದೇ ವಾರದಲ್ಲಿ ಮುಗಿದವು. ಜುಗ್ಲಾರ್ ಬದುಕಿದ್ದರೆ ಹನ್ನೊಂದು ವರ್ಷ ಕಾದದ್ದಕ್ಕೆ ನಾಚಿಕೊಳ್ಳುತ್ತಿದ್ದರು.

ಈ ಭರವಸೆಗಳಲ್ಲಿ ನಮ್ಮ ಹುಡುಗರಿಗೆ ಪಾಲಿರಲಿ ಅಂತ ರಾಜ್ಯ ಸರ್ಕಾರಕ್ಕೂ ಒಮ್ಮೆ ಅನ್ನಿಸಿತ್ತು. 2024ರ ಜುಲೈ 15ರಂದು ಖಾಸಗಿ ಕಂಪನಿಗಳ ಆಡಳಿತ ಹುದ್ದೆಯಲ್ಲಿ ಅರ್ಧ, ಉಳಿದ ಹುದ್ದೆಯಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. 17ರಂದು ಅದೇ ಮಸೂದೆಯನ್ನು ಪಕ್ಕಕ್ಕಿಟ್ಟಿತು. ನಡುವಿನ ಆ ಎರಡು ದಿನ ಕನ್ನಡದ ಹುಡುಗರಿಗೆ ಪೂರ್ಣ ಉದ್ಯೋಗವಿತ್ತು ಎಂದು ಚರಿತ್ರೆಯಲ್ಲಿ ಬರೆಯಬಹುದು.

ಖಾಸಗಿಯವರ ಹಂಗು ಬೇಡ, ಸರ್ಕಾರಿ ಕೆಲಸವೇ ಇದೆಯಲ್ಲ ಅನ್ನುವವರು ದಾವಣಗೆರೆಯಲ್ಲಿ ಬಹಳ. ಹದಡಿ ರಸ್ತೆ, ವಿದ್ಯಾನಗರ, ಎಂಸಿಸಿ ಬ್ಲಾಕ್‌ಗಳ ಕಡೆ ಒಂದು ಸುತ್ತು ಹಾಕಿ. ಪೇಯಿಂಗ್ ಗೆಸ್ಟ್ ಬೋರ್ಡು, ಕೋಚಿಂಗ್ ಬೋರ್ಡು, ಜೆರಾಕ್ಸ್ ಬೋರ್ಡು, ಮತ್ತೆ ಪೇಯಿಂಗ್ ಗೆಸ್ಟ್ ಬೋರ್ಡು. ರಾಜ್ಯದಲ್ಲಿ ಖಾಲಿ ಇರುವ ಸರ್ಕಾರಿ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಕಡಲೆಯೂ ಇದೆ, ಹಲ್ಲೂ ಇದೆ, ಬಾಯಿಗೆ ತಡೆಯಾಜ್ಞೆ ಬಂದಿದೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಖಾಲಿ ಬಿಟ್ಟ ಉತ್ತರ ಪತ್ರಿಕೆಗಳು ತಾವಾಗಿ ತುಂಬಿಕೊಂಡವು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಪೊಲೀಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಗಳು ಕನ್ನಡದವರಿಗೇ ತಿಳಿಯದಷ್ಟು ಗಹನವಾಗಿದ್ದವು. ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಿದರು, ಮತ್ತೆ ತಪ್ಪು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್ ಕೊನೆಗೆ ಸಂಪುಟ ಹೇಳಿತ್ತು. ಆ ಬೇಡಿಕೆ ನ್ಯಾಯವಾದದ್ದೇ, ದಶಕಗಳ ಹಿಂದೆಯೇ ತೀರಬೇಕಾಗಿದ್ದ ಲೆಕ್ಕ. ತೀರಿಸದೆ ಕೂತವರು ಯಾರೂ ಒಂದು ತಿಂಗಳ ಸಂಬಳ ಕಳೆದುಕೊಳ್ಳಲಿಲ್ಲ, ಕಾಯುವ ಕೆಲಸವನ್ನು ಮಾತ್ರ ಇಪ್ಪತ್ತೇಳರ ಹುಡುಗನಿಗೆ ವಹಿಸಿದರು. ಅಧಿಸೂಚನೆ, ಪರೀಕ್ಷೆ, ಹಗರಣ, ಕೋರ್ಟು, ಮರುಪರೀಕ್ಷೆ, ವಯೋಮಿತಿ ಸಡಿಲಿಕೆಗೆ ಧರಣಿ, ಮತ್ತೆ ಅಧಿಸೂಚನೆ. ಈ ಆವರ್ತಕ್ಕೆ ಸೂರ್ಯನ ಕಲೆಯೂ ಬೇಕಿಲ್ಲ, ಮಳೆಯೂ ಬೇಕಿಲ್ಲ.

ಗ್ರಂಥಾಲಯದಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುವ ಈ ಹುಡುಗ ಹುಡುಗಿಯರ ಬಗ್ಗೆ ನೊಬೆಲ್ ಪುರಸ್ಕೃತರ ಅಭಿಪ್ರಾಯವನ್ನೂ ತಿಳಿಯಬೇಕು. ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1982ರಲ್ಲಿ ಆರ್ಥಿಕ ಏರಿಳಿತಕ್ಕೆ ಹೊಸ ಸಿದ್ಧಾಂತ ಕೊಟ್ಟರು, 2004ರಲ್ಲಿ ಪ್ರಶಸ್ತಿ ಬಂತು. ಆ ಸಿದ್ಧಾಂತದ ಲೋಕದಲ್ಲಿ ಕೆಲಸ ಸಿಗದೆ ಕೂತವರಿಲ್ಲ. ಕೂಲಿ ಇಳಿದ ಕಾಲದಲ್ಲಿ ಜನ ಈಗ ದುಡಿಯುವುದು ಬೇಡ, ವಿರಾಮ ತೆಗೆದುಕೊಳ್ಳೋಣ ಅಂತ ಲೆಕ್ಕ ಹಾಕಿಯೇ ಮನೆಯಲ್ಲಿ ಉಳಿಯುತ್ತಾರೆ. ಅಂದಮೇಲೆ ನಮ್ಮ ಹುಡುಗರು ವಿರಾಮದಲ್ಲಿದ್ದಾರೆ. ಆರಕ್ಕೆ ಎದ್ದು ಕೋಚಿಂಗ್, ಒಂಬತ್ತಕ್ಕೆ ಗ್ರಂಥಾಲಯ, ಸಂಜೆ ಡೆಲಿವರಿ ಬ್ಯಾಗು, ರಾತ್ರಿ ಹನ್ನೊಂದಕ್ಕೆ ಪ್ರಚಲಿತ ಘಟನೆ. ಈ ವಿರಾಮ ಸಾಲದೆಂಬವರಿಗೆ ಭಾನುವಾರದ ಮದುವೆಮನೆ.

“ಏನ್ ಮಾಡ್ತಿದೀಯೋ ಈಗ?” ಅಂತ ಸೋದರಮಾವ ಕೇಳುತ್ತಾನೆ.

“ಪ್ರಿಪೇರ್ ಮಾಡ್ತಾ ಇದೀನಿ ಮಾಮ.”

“ಇನ್ನೂನಾ?”

ರಿಸರ್ವ್ ಬ್ಯಾಂಕಿನ ಯಾವ ಸೂಚ್ಯಂಕವೂ ಆ ‘ಇನ್ನೂನಾ’ದಷ್ಟು ನಿಖರವಾಗಿ ಮಾರುಕಟ್ಟೆಯ ಮನಸ್ಸನ್ನು ಹಿಡಿಯಲಾರದು. ಹುಡುಗಿಯಾದರೆ ಆ ಪ್ರಶ್ನೆ ಕೇಳುವುದೂ ಇಲ್ಲ. ಅವಳ ನಿರುದ್ಯೋಗಕ್ಕೆ ಮದುವೆ ಎಂಬ ಪರಿಹಾರ ನಿಧಿ ಮೊದಲೇ ಮಂಜೂರಾಗಿರುತ್ತದೆ.

ಏರಿಳಿತದ ಶಾಸ್ತ್ರದಲ್ಲಿ ನನಗೆ ಹಿಡಿಸದ ಜಾಗ ಒಂದೇ. ಅದು ಹಣದ ವಯಸ್ಸಿನಿಂದ ಲೆಕ್ಕ ಹಾಕುತ್ತದೆ. ಬಂಡವಾಳ ಇವತ್ತು ಸುಮ್ಮನಿದ್ದು ಐದು ವರ್ಷದ ನಂತರ ಎದ್ದರೆ ಅದಕ್ಕೆ ತಲೆ ನರೆತಿರುವುದಿಲ್ಲ. ಮಿಲ್ಲಿನ ಬಂಡವಾಳ ಸೈಟಾಗಿ ಎದ್ದಿತು, ಸೀಟಾಗಿ ಎದ್ದಿತು, ನಾಳೆ ಇನ್ನೇನೋ ಆಗಿ ಏಳುತ್ತದೆ. ಇಪ್ಪತ್ತೆರಡರ ಹುಡುಗ ಐದು ವರ್ಷ ಕೂತು ಎದ್ದರೆ ಇಪ್ಪತ್ತೇಳಾಗಿರುತ್ತಾನೆ, ಮತ್ತು ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಆ ಐದು ವರ್ಷ ಏನು ಮಾಡಿದೆ ಎಂಬುದು. ಹಿಂಜರಿತದ ವರ್ಷ ಡಿಗ್ರಿ ಮುಗಿಸಿದವರ ಸಂಬಳ ಸುಮಾರು ಹತ್ತು ವರ್ಷ ಉಳಿದವರಿಗಿಂತ ಹಿಂದೆಯೇ ಕುಂಟುತ್ತದೆಂದು ಕೆನಡಾದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ದೇಶದ ಗೆರೆ ಏರಿದ ಮೇಲೂ ಇವರ ಗೆರೆ ಏರುವುದಿಲ್ಲ. ಏರಿದ ಗೆರೆ ಹತ್ತಲು ಹೊಸ ಬ್ಯಾಚು ಬಂದು ನಿಂತಿರುತ್ತದೆ, ವಯಸ್ಸು ಕಡಿಮೆ, ಸಂಬಳದ ಆಸೆಯೂ ಕಡಿಮೆ.

ರಾಜ್ಯ ಸರ್ಕಾರ ಇದಕ್ಕೆಲ್ಲ ಒಂದು ಔಷಧ ಮಾಡಿದೆ. ಯುವನಿಧಿ. 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ಪಕ್ಕದ ಶಿವಮೊಗ್ಗದಲ್ಲೇ ಚಾಲನೆ ಕೊಟ್ಟರು. ಮೊದಲಿಗೆ 2022–23ರಲ್ಲಿ ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500. ಈ ದುಡ್ಡನ್ನು ಹಂಗಿಸುವುದು ಸುಲಭ, ನಾನು ಹಂಗಿಸುವುದಿಲ್ಲ. ಪೇಯಿಂಗ್ ಗೆಸ್ಟ್ ಬಾಡಿಗೆಯ ಹೊತ್ತಿಗೆ ಊರಿಗೆ ಫೋನ್ ಮಾಡುವ ಸಂಕಟ ಅದರಿಂದ ಎಷ್ಟೋ ಮನೆಗಳಲ್ಲಿ ತಪ್ಪಿದೆ. ತಾನು ನಿರುದ್ಯೋಗಿ ಎಂದು ತಾನೇ ಕಾಲಕಾಲಕ್ಕೆ ಘೋಷಿಸಿಕೊಳ್ಳುತ್ತಿರಬೇಕು ಎಂಬ ನಿಯಮವೂ ಇದೆ. ದಿಲ್ಲಿಯ ಲೆಕ್ಕದಲ್ಲಿ ಮಿರ್ಚಿ ಕಟ್ಟಿ ಉದ್ಯೋಗಸ್ಥನಾದವನು ಬೆಂಗಳೂರಿನ ಲೆಕ್ಕದಲ್ಲಿ ಹೀಗೆ ಮತ್ತೆ ನಿರುದ್ಯೋಗಿಯಾಗುತ್ತಾನೆ. ಎರಡು ಸರ್ಕಾರಗಳ ನಡುವೆ ಅವನಿಗೆ ಅಷ್ಟು ಓಡಾಟವಾದರೂ ಇದೆ.

ಯುವನಿಧಿ ಸಿಗುವುದು 24 ತಿಂಗಳು. ಕಿಚಿನ್ ಸಾಹೇಬರು ತೀರಾ ಸಣ್ಣ ಆವರ್ತಕ್ಕೇ ನಲವತ್ತು ತಿಂಗಳು ಕೇಳಿದ್ದರು. ವಿಧಾನಸೌಧ ಅದರಲ್ಲಿ ಹದಿನಾರು ತಿಂಗಳು ಉಳಿಸಿದೆ. ಮೊದಲ ಕಂತು ಪಡೆದ ಬ್ಯಾಚಿಗೆ ಲೆಕ್ಕದ ಪ್ರಕಾರ 2025ರ ಕೊನೆಗೆ ಅವಧಿ ತುಂಬಿತು. ಅವಧಿ ತುಂಬಿದ ಮೇಲೆ ಘೋಷಣೆ ಮಾಡುವಂತಿಲ್ಲ, ಘೋಷಣೆ ಇಲ್ಲದವನು ಆ ಕಡತದಲ್ಲಿ ನಿರುದ್ಯೋಗಿಯಲ್ಲ. ದಾವಣಗೆರೆಯಲ್ಲೂ ಹರಿಹರದಲ್ಲೂ ಆ ಬ್ಯಾಚಿನ ಅಷ್ಟೂ ಜನರ ನಿರುದ್ಯೋಗ ಒಂದೇ ಸಲಕ್ಕೆ ವಾಸಿಯಾಗಿದೆ.